ಯಾರ ಮಡಕೆಯ ಅಗುಳು?

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಅಂತಾರೆ. ಸೊಸೈಟಿ ಅಕ್ಕಿ ತಂದ ದಿನ ನಮ್ಮವ್ವನೂ ಹಾಗೇ ಮಾಡೋಳು. ಒಂದಗುಳು ಇಡೀ ಮಡಕೆಯ ಸುದ್ದಿ ಹೇಳುತ್ತದೆ, ಯಾಕೆಂದರೆ ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ, ಸೌಟು ಹಾಕಿ ತಿರುವಿಯೂ ಆಗಿದೆ. ಆದರೆ ಊರೊಳಗಿನ ಮನೆಯ ಅಗುಳು ಹಿಸುಕಿ, ಕೇರಿಯ ಮಡಕೆಯೂ ಬೆಂದಿದೆ ಅಂತ ಯಾವ ಹೆಂಗಸೂ ಹೇಳೋಲ್ಲ. ಅವತ್ತು ನಮ್ಮ ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ದರೆ? ಇಷ್ಟು ಸಣ್ಣ ವಿಷಯ ತಿಳಿಯಲು ಮನುಷ್ಯನ ಬುದ್ಧಿಯನ್ನು ಅಳೆಯಲು ಹೊರಟ ದೊಡ್ಡ ದೊಡ್ಡ ಪ್ರೊಫೆಸರುಗಳಿಗೆ ದಶಕಗಳೇ ಬೇಕಾದವು. ಆ ದಶಕಗಳಲ್ಲಿ ಲಕ್ಷಾಂತರ ಜನರ ಹಣೆಗೆ 'ದಡ್ಡ' ಅಂತ ಮುದ್ರೆ ಬಿತ್ತು. ಆ ಚರಿತ್ರೆಯನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ.

ಬರೆಯಲು ಒಂದು ಕಾರಣವಿದೆ. ನಾವು ಪಿಯುಸಿ ಓದುವಾಗ ಹಾಸ್ಟೆಲ್ಲಿಗೆ ಒಂದು ಸಂಜೆ ನಾಲ್ಕು ಜನ ಬಂದರು. ಕೈಯಲ್ಲಿ ಚಿತ್ರದ ಪುಸ್ತಕ, ಒಂದು ಸ್ಟಾಪ್‌ವಾಚು. ಸಂಶೋಧನೆಗೆ ಬೇಕು ಅಂದರು. ವಾರ್ಡನ್ನರು ಊಟದ ಗಂಟೆಗೆ ಮುಂಚೆ ಮುಗಿಸಿ ಅಂದರು. ನಮ್ಮ ಹಾಸ್ಟೆಲ್ಲನ್ನೇ ಯಾಕೆ ಆರಿಸಿದಿರಿ ಅಂತ ಯಾರೂ ಕೇಳಲಿಲ್ಲ. ಈಗ ತಿಳಿಯುತ್ತದೆ: ಅಲ್ಲಿ ಹುಡುಗರು ಒಂದೇ ಕಡೆ ಸಿಗ್ತಾರೆ, ಇಲ್ಲ ಅನ್ನೋ ಧೈರ್ಯವೂ ಇರೋಲ್ಲ. ಒಂದು ಚಿತ್ರದಲ್ಲಿ ಬಾಗಿಲಿತ್ತು. ಅದರಲ್ಲಿ ಏನು ಬಿಟ್ಟುಹೋಗಿದೆ ಹೇಳಬೇಕು. ನಮ್ಮ ಪಕ್ಕದ ಮಂಚದ ಗೆಳೆಯ ಬಹಳ ಹೊತ್ತು ದಿಟ್ಟಿಸಿ ನೋಡಿ, "ಏನೂ ಬಿಟ್ಟೋಗಿಲ್ಲ ಸಾರ್, ಸರಿಯಾಗೈತೆ" ಅಂದ. ಸರಿ ಉತ್ತರ ಚಿಲಕ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವನ ದನಿ ಬಂತು: "ಲೋ, ನಮ್ಮನೆ ತಡಿಕೆಗೆ ಚಿಲಕ ಯಾವತ್ತಿತ್ತು?" ಎಲ್ಲರೂ ನಕ್ಕೆವು. ತಿಂಗಳಾದ ಮೇಲೆ ಯಾರದೋ ಬಾಯಿಂದ ಫಲಿತಾಂಶ ಕಿವಿಗೆ ಬಿತ್ತು. ಹಾಸ್ಟೆಲ್ ಹುಡುಗರ ಬುದ್ಧಿಮಟ್ಟ ಸರಾಸರಿಗಿಂತ ಕಡಿಮೆಯಂತೆ. ಯಾರ ಸರಾಸರಿ ಅಂತ ಕೇಳುವುದಕ್ಕೆ ಅವತ್ತು ನಮ್ಮ ಹತ್ತಿರ ಮಾತಿರಲಿಲ್ಲ.

ಡಿಗ್ರಿಯಲ್ಲಿ ಆ ಮಾತು ಸಿಕ್ಕಿತು. ಯಾರ ಬಗ್ಗೆ ತಿಳಿಯಬೇಕೋ ಆ ಇಡೀ ಜನಸಮೂಹಕ್ಕೆ ಸಮಷ್ಟಿ ಅಂತಾರೆ. ಅದರಿಂದ ಆರಿಸಿಕೊಂಡ ಕೆಲವರು ಮಾದರಿ. ಆ ಕೆಲವರಲ್ಲಿ ಕಂಡದ್ದು ಉಳಿದವರಿಗೂ, ಬೇರೆ ಊರಿಗೂ, ಬೇರೆ ಕಾಲಕ್ಕೂ ನಡೆಯುತ್ತದೆಯೇ ಅನ್ನುವುದು ಬಾಹ್ಯ ಸಪ್ರಮಾಣತೆಯ ಪ್ರಶ್ನೆ. ಪದ ಭಾರವಾಗಿದೆ, ವಿಷಯ ಹಗುರ: ಈ ಸಂತೆಯ ಸೇರು ಆ ಸಂತೆಯಲ್ಲಿ ನಡೆಯುತ್ತದಾ?

ಕಥೆ ಪ್ಯಾರಿಸ್ಸಿನಿಂದ ಶುರು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಅನ್ನುವವರು ಮಕ್ಕಳಿಗೆ ಕೊಡುವ ಒಂದಷ್ಟು ಪ್ರಶ್ನೆಗಳ ಮಾಪಕ ಮಾಡಿದರು. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ, ಅವರಿಗೆ ಹೆಚ್ಚಿನ ಪಾಠ ಕೊಡುವುದು ಉದ್ದೇಶ. ಬಿನೆ ಕೆಟ್ಟ ಮನುಷ್ಯನಲ್ಲ. ಬುದ್ಧಿ ಅನ್ನುವುದು ಹುಟ್ಟಿನಲ್ಲೇ ತೂಗಿ ಕೊಟ್ಟ ಗಟ್ಟಿ ಪದಾರ್ಥ ಅಂದವರ ಮೇಲೆ ಅವನಿಗೆ ಸಿಟ್ಟಿತ್ತು. ಅಭ್ಯಾಸದಿಂದ ಅದು ಬೆಳೆಯುತ್ತದೆ ಅಂತ 1909ರಲ್ಲೇ ಬರೆದ. 1908ರ ತಿದ್ದುಪಡಿಗೆ ಅವನು ಪರೀಕ್ಷಿಸಿದ್ದು ಇನ್ನೂರು ಚಿಲ್ಲರೆ ಮಕ್ಕಳನ್ನು, ಹೆಚ್ಚಿನವರು ಪ್ಯಾರಿಸ್ಸಿನ ಬಡವರ ಮಕ್ಕಳು. 1910ರಲ್ಲಿ ಅದೇ ಪ್ರಶ್ನೆಗಳನ್ನು ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಡೆಕ್ರೋಲಿ ಮತ್ತು ಡಿಗಾಂಡ್ ಎಂಬಿಬ್ಬರು ಒಂದು ಖಾಸಗಿ ಶಾಲೆಯ ಮಕ್ಕಳಿಗೆ ಕೊಟ್ಟರು. ಆ ಮಕ್ಕಳು ಪ್ಯಾರಿಸ್ಸಿನ ಮಕ್ಕಳಿಗಿಂತ ಸುಮಾರು ಒಂದೂವರೆ ವರ್ಷ ಮುಂದಿದ್ದರು. ಬೆಲ್ಜಿಯಂ ಜನಕ್ಕೆ ಬುದ್ಧಿ ಜಾಸ್ತಿಯೇ? ಬಿನೆ ಹಾಗನ್ನಲಿಲ್ಲ. ಅವರು ಅನುಕೂಲಸ್ಥರ ಮಕ್ಕಳು, ನಮ್ಮವರು ಬಡವರ ಮಕ್ಕಳು, ವ್ಯತ್ಯಾಸ ಅಲ್ಲಿದೆ ಅಂದ. ತನ್ನ ಅಳತೆಗೋಲಿನಲ್ಲೇ ವರ್ಗ ಅಂಟಿಕೊಂಡಿರುವುದನ್ನು ಅದನ್ನು ಮಾಡಿದವನೇ ಕಂಡುಕೊಂಡಿದ್ದ. ಆದರೆ 1911ರಲ್ಲಿ ಸತ್ತುಹೋದ. ಕೋಲು ಮಾತ್ರ ಹಡಗು ಹತ್ತಿ ಆಗಲೇ ಅಮೆರಿಕಾ ಸೇರಿಯಾಗಿತ್ತು.

ಅಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವನು ಹೆನ್ರಿ ಗೊಡಾರ್ಡ್, ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಮಂದಬುದ್ಧಿಯವರ ಸಂಸ್ಥೆಯೊಂದರಲ್ಲಿ ಸಂಶೋಧಕ. 1913ರಲ್ಲಿ ತನ್ನ ಸಹಾಯಕಿಯರನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಕಳಿಸಿದ. ಯೂರೋಪಿನಿಂದ ಹೊಟ್ಟೆಪಾಡಿಗೆ ಬಂದವರು ಹಡಗಿನ ಮೂರನೇ ದರ್ಜೆಯಿಂದ ಇಳಿಯುವ ಜಾಗ ಅದು. ವಾರಗಟ್ಟಲೆ ಸಮುದ್ರದಲ್ಲಿ ನರಳಿ, ಭಾಷೆ ಬಾರದೆ, ಹಿಂದಕ್ಕೆ ಕಳಿಸಿಬಿಟ್ಟಾರು ಅನ್ನೋ ಭಯದಲ್ಲಿ ನಿಂತವರಿಗೆ ದುಭಾಷಿಯ ಮೂಲಕ ಪ್ರಶ್ನೆ. 1917ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಯಹೂದಿಗಳು 35 ಜನ, ಹಂಗೇರಿಯವರು 22, ಇಟಲಿಯವರು 50, ರಷ್ಯಾದವರು 45. ಇಷ್ಟೇ. ಅದರಲ್ಲೂ ನೋಡಿದೊಡನೆ ಚುರುಕಾಗಿ ಕಂಡವರನ್ನೂ, ನೋಡಿದೊಡನೆ ಮಂದವಾಗಿ ಕಂಡವರನ್ನೂ ಮೊದಲೇ ಬಿಟ್ಟಿದ್ದರು. ಉಳಿದವರಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಜನ ಮಂದಬುದ್ಧಿಯವರು ಅಂತ ಫಲಿತಾಂಶ ಬಂತು. ಇದು ಇಡೀ ಜನಾಂಗಕ್ಕೆ ಅನ್ವಯಿಸುವುದಿಲ್ಲ ಅಂತ ಗೊಡಾರ್ಡ್ ಒಂದು ಮಾತು ಸೇರಿಸಿದ್ದ, ಅದನ್ನು ಹೇಳಿಬಿಡಬೇಕು. ಆದರೆ ಮಾತಿಗಿಂತ ಸಂಖ್ಯೆಗೆ ಕಾಲು ಜಾಸ್ತಿ. ಎಂಬತ್ತು ಅನ್ನೋದು ಊರೂರು ಸುತ್ತಿತು, ಇಪ್ಪತ್ತೆರಡು ಅನ್ನೋದು ಮನೆಯಲ್ಲೇ ಉಳಿಯಿತು.

1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಬಿನೆಯ ಪರೀಕ್ಷೆಯನ್ನು ತಿದ್ದಿ ಸ್ಟ್ಯಾನ್‌ಫರ್ಡ್-ಬಿನೆ ಅಂತ ಹೊರತಂದ. ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ಬರುವ ಬುದ್ಧಿಲಬ್ಧ, ಅಂದರೆ ಐಕ್ಯೂ, ಮನೆಮಾತಾದದ್ದು ಇದರಿಂದ. ಟರ್ಮನ್ ಮಾದರಿ ಆರಿಸಿದ ಬಗೆಯನ್ನು ಮೇಷ್ಟ್ರುಗಳು ಗಮನಿಸಬೇಕು. ಕ್ಯಾಲಿಫೋರ್ನಿಯಾದ ಸುಮಾರು ಸಾವಿರ ಮಕ್ಕಳು. ಶಾಲೆಗಳೆಲ್ಲ ಮಧ್ಯಮ ವರ್ಗದವು. ಹೊರದೇಶದಲ್ಲಿ ಹುಟ್ಟಿದ ಮಗು ಒಂದೂ ಇಲ್ಲ. ಪಶ್ಚಿಮ ಯೂರೋಪಿನ ಮೂಲದವರಲ್ಲದ ಮಕ್ಕಳು ಎಲ್ಲೋ ಕೆಲವರು. ಜನಾಂಗದ ವ್ಯತ್ಯಾಸ ಮತ್ತು ಭಾಷೆಯ ತೊಡಕು ಬಾರದಿರಲಿ ಅಂತ ಹೀಗೆ ಮಾಡಿದೆ ಅಂತ ಅವನೇ ಬರೆದಿದ್ದಾನೆ. ಇಲ್ಲಿಯವರೆಗೆ ತಪ್ಪೇನಿಲ್ಲ. ಬಿಳಿಯ ಮಧ್ಯಮ ವರ್ಗದ ಇಂಗ್ಲಿಷ್ ಮಕ್ಕಳಿಗೆ ಕೋಲು ಮಾಡಿದ್ದೇನೆ, ಅವರನ್ನು ಮಾತ್ರ ಅಳೆಯುತ್ತೇನೆ ಅಂದಿದ್ದರೆ ಜಗಳವಿರಲಿಲ್ಲ. ಅದೇ ಪುಸ್ತಕದಲ್ಲಿ ಪೋರ್ಚುಗೀಸ್ ಮೂಲದ ಇಬ್ಬರು ಅಣ್ಣತಮ್ಮಂದಿರ ಅಂಕ ಕೊಡುತ್ತಾನೆ, 77 ಮತ್ತು 78. ಆ ಎರಡು ಅಗುಳಿನಿಂದ ಮೂಲನಿವಾಸಿ ಇಂಡಿಯನ್ನರು, ಮೆಕ್ಸಿಕನ್ನರು, ಕಪ್ಪುಜನ ಇವರೆಲ್ಲರ ಮಂದತನ ಜನಾಂಗದಿಂದಲೇ ಬಂದದ್ದಿರಬೇಕು ಅನ್ನುವಲ್ಲಿಗೆ ಜಿಗಿಯುತ್ತಾನೆ. ಇಂಥ ಮಕ್ಕಳನ್ನು ಬೇರೆ ತರಗತಿಗಳಲ್ಲಿ ಕೂರಿಸಬೇಕು ಅಂತಾನೆ. ಮಾದರಿ ಮಾಡುವಾಗ ಹೊರಗಿಟ್ಟ ಜನವನ್ನೇ ತೀರ್ಪು ಕೊಡುವಾಗ ಒಳಗೆ ಎಳೆದು ನಿಲ್ಲಿಸಿದ. ಊರ ಪಂಚಾಯ್ತಿ ಕಟ್ಟೆ ಹತ್ತಲು ಬಿಡದೆ ದಂಡಕ್ಕೆ ಮಾತ್ರ ಕರೆಸೋ ನಮ್ಮೂರ ನ್ಯಾಯ ನೆನಪಿಗೆ ಬಂತು.

ಆಮೇಲೆ ಯುದ್ಧ. 1917ರಲ್ಲಿ ಅಮೆರಿಕಾ ಮೊದಲನೇ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಸೈನ್ಯಕ್ಕೆ ಸೇರುವವರ ಬುದ್ಧಿ ಅಳೆಯುವ ಗುತ್ತಿಗೆ ಹಿಡಿದ. ಓದು ಬಂದವರಿಗೆ ಆಲ್ಫಾ, ಬಾರದವರಿಗೆ ಚಿತ್ರದ ಬೀಟಾ. ಸುಮಾರು ಹದಿನೇಳೂವರೆ ಲಕ್ಷ ಜನ ಪರೀಕ್ಷೆ ಬರೆದರು. ಇಷ್ಟು ದೊಡ್ಡ ಸಂಖ್ಯೆ ನೋಡಿದ ಕೂಡಲೇ ನಮ್ಮಂಥವರು ಕೈಮುಗಿದುಬಿಡುತ್ತೇವೆ. ಅಷ್ಟು ಜನರನ್ನು ಕೇಳಿದ ಮೇಲೆ ಸುಳ್ಳಿರುತ್ತದಾ ಅಂತ. ಇರುತ್ತದೆ. ಡೊಂಕು ಸೇರಿನಲ್ಲಿ ಹತ್ತು ಸಲ ಅಳೆದರೂ ಡೊಂಕೇ, ಹತ್ತು ಲಕ್ಷ ಸಲ ಅಳೆದರೂ ಡೊಂಕೇ. ಆಲ್ಫಾದಲ್ಲಿ ಒಂದು ಪ್ರಶ್ನೆ: ಕ್ರಿಸ್ಕೋ ಅಂದರೆ ಔಷಧಿಯೋ, ಹಲ್ಲುಜ್ಜುವ ಪೇಸ್ಟೋ, ಕ್ರಿಮಿನಾಶಕವೋ, ತಿನ್ನುವ ಪದಾರ್ಥವೋ? ಅದು ಅಲ್ಲಿನ ಅಂಗಡಿಯಲ್ಲಿ ಸಿಗುವ ಅಡುಗೆಯ ಕೊಬ್ಬು. ಇನ್ನೊಂದು: ಕ್ರಿಸ್ಟಿ ಮ್ಯಾಥ್ಯೂಸನ್ ಯಾರು? ಬೇಸ್‌ಬಾಲ್ ಆಟಗಾರ. ಇದು ಹುಟ್ಟುಬುದ್ಧಿಯಂತೆ! ಬೀಟಾದಲ್ಲಿ ಟೆನಿಸ್ ಅಂಗಳದ ಚಿತ್ರ, ಬಲೆ ಇಲ್ಲ. ಗ್ರಾಮೊಫೋನಿನ ಚಿತ್ರ, ಕಹಳೆ ಇಲ್ಲ. ಮನೆಯ ಚಿತ್ರ, ಹೊಗೆಗೂಡಿಲ್ಲ. ಇಟಲಿಯ ಸಿಸಿಲಿಯಿಂದ ಬಂದ ಸಿಪಾಯಿಯೊಬ್ಬ ಹೊಗೆಗೂಡಿನ ಜಾಗದಲ್ಲಿ ಶಿಲುಬೆ ಬರೆದ. ಅವನ ನಾಡಿನಲ್ಲಿ ಮನೆಗೆ ಶಿಲುಬೆ ಇರುತ್ತಿತ್ತು. ತಪ್ಪು ಅಂತ ಗೀಟು ಹಾಕಿದರು. ಇದನ್ನು ಲೈಬ್ರರಿಯಲ್ಲಿ ಓದಿದಾಗ ನಮಗೆ ಹಾಸ್ಟೆಲ್ಲಿನ ಕತ್ತಲೂ ಆ ಚಿಲಕವೂ ನೆನಪಾಗಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆವು.

ಈ ಲೆಕ್ಕದ ರಾಶಿಯ ಮೇಲೆ ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ 1923ರಲ್ಲಿ ಒಂದು ಪುಸ್ತಕ ಬರೆದ. ಉತ್ತರ ಯೂರೋಪಿನವರು ಮೇಲು, ದಕ್ಷಿಣ ಮತ್ತು ಪೂರ್ವ ಯೂರೋಪಿನವರು ಕೀಳು, ಕಪ್ಪುಜನ ಇನ್ನೂ ಕೀಳು. ವರ್ಣಾಶ್ರಮಕ್ಕೆ ಅಂಕಗಣಿತದ ಅಂಗಿ ತೊಡಿಸಿದ ಹಾಗೆ. ಅವನದೇ ಕೋಷ್ಟಕದಲ್ಲಿ ಒಂದು ವಿಚಿತ್ರವಿತ್ತು. ಹೊರಗಿಂದ ಬಂದವರು ಅಮೆರಿಕಾದಲ್ಲಿ ಎಷ್ಟು ಹೆಚ್ಚು ವರ್ಷ ಕಳೆದಿದ್ದರೋ ಅಷ್ಟು ಹೆಚ್ಚು ಅಂಕ. ಐದು ವರ್ಷದೊಳಗೆ ಬಂದವರಿಗೆ ಎಲ್ಲಕ್ಕಿಂತ ಕಡಿಮೆ. ಇಪ್ಪತ್ತು ವರ್ಷ ಮೀರಿದವರದು ಅಲ್ಲೇ ಹುಟ್ಟಿದವರ ಹತ್ತಿರಕ್ಕೆ ಬರುತ್ತಿತ್ತು. ದನ ಕಾಯೋ ಹುಡುಗನಿಗೂ ತಿಳಿಯುತ್ತದೆ ಇದರ ಅರ್ಥ. ಪರೀಕ್ಷೆ ಅಳೆಯುತ್ತಿರುವುದು ಆ ದೇಶದ ಪರಿಚಯವನ್ನು. ಬ್ರಿಗಮ್ ಏನಂದ ಗೊತ್ತೇ? ಮೊದಲು ಬಂದವರು ಒಳ್ಳೆಯ ತಳಿ, ಈಚೆಗೆ ಬರುತ್ತಿರುವವರು ಕೆಟ್ಟ ತಳಿ. ಮರುವರ್ಷ, 1924ರಲ್ಲಿ, ದಕ್ಷಿಣ ಮತ್ತು ಪೂರ್ವ ಯೂರೋಪಿನ ಜನಕ್ಕೆ ಬಾಗಿಲು ಬಿಗಿದ, ಏಷ್ಯಾದವರಿಗೆ ಹೆಚ್ಚುಕಮ್ಮಿ ಮುಚ್ಚಿಯೇ ಬಿಟ್ಟ ವಲಸೆ ಕಾಯಿದೆ ಬಂತು. ಈ ಪುಸ್ತಕವೇ ಆ ಕಾಯಿದೆಗೆ ಕಾರಣ ಅಂದರೆ ಅತಿಯಾಗುತ್ತದೆ. ಬಾಗಿಲು ಹಾಕಬೇಕು ಅಂದವರು ಮೊದಲೇ ತೀರ್ಮಾನಿಸಿದ್ದರು. ವಿಜ್ಞಾನ ಅವರ ಕೈಗೆ ಬೀಗ ಕೊಟ್ಟಿತು ಅಷ್ಟೆ.

ಎದುರು ಮಾತಾಡಿದವರು ಯಾರು ಅನ್ನುವುದು ನಮಗೆ ಮುಖ್ಯ. ಹೊರೇಸ್ ಮ್ಯಾನ್ ಬಾಂಡ್, ಗುಲಾಮರ ಮೊಮ್ಮಗ, 1924ರಲ್ಲಿ ಹತ್ತೊಂಬತ್ತು ವರ್ಷದ ಹುಡುಗ, ಪದವಿ ಮುಗಿಸಿ ಒಂದು ವರ್ಷವಾಗಿತ್ತು. ಡುಬಾಯ್ಸ್ ಸಂಪಾದಕರಾಗಿದ್ದ 'ದಿ ಕ್ರೈಸಿಸ್' ಅನ್ನುವ ಕಪ್ಪುಜನರ ಪತ್ರಿಕೆಯಲ್ಲಿ ಬುದ್ಧಿಪರೀಕ್ಷೆ ಅನ್ನುವುದು ಪ್ರಚಾರದ ಕೆಲಸವಾಗಿದೆ ಅಂತ ಬರೆದ. ವಿಶ್ವವಿದ್ಯಾನಿಲಯದ ದೊಡ್ಡ ಪತ್ರಿಕೆ ಅಲ್ಲ, ನಮ್ಮ ಈ ಪತ್ರಿಕೆಯ ಥರದ್ದೇ, ತಮ್ಮ ಜನ ತಾವೇ ನಡೆಸಿದ್ದು. ಸೈನ್ಯದ ಅಂಕಗಳನ್ನೇ ತೆಗೆದು ನೋಡಿದರೆ, ಉತ್ತರದ ಕೆಲವು ರಾಜ್ಯಗಳ ಕಪ್ಪು ಸಿಪಾಯಿಗಳ ಸರಾಸರಿ ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಮೇಲಿತ್ತು. ಶಾಲೆಗೆ ದುಡ್ಡು ಸುರಿದ ಕಡೆ ಅಂಕ, ಸುರಿಯದ ಕಡೆ ಇಲ್ಲ. ಇನ್ನೊಬ್ಬ ಜಾರ್ಜ್ ಸ್ಯಾಂಚೆಜ್, ಮೆಕ್ಸಿಕನ್ ಮೂಲದವನು, ನ್ಯೂಮೆಕ್ಸಿಕೋದ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಕೊಟ್ಟು ದಡ್ಡರೆನ್ನುತ್ತಿದ್ದರು. 1930ರ ದಶಕದ ಮೊದಲ ವರ್ಷಗಳಲ್ಲಿ ಅವನು ಬರೆದದ್ದರ ತಿರುಳು ಇಷ್ಟು: ಯಾವ ಮಕ್ಕಳ ಮೇಲೆ ಮಟ್ಟ ಗೊತ್ತುಮಾಡಿದಿರೋ ಅವರಿಗೆ ಪರೀಕ್ಷೆಯ ಸಾಮಾನು ಎಷ್ಟು ಪರಿಚಿತವೋ, ಈ ಮಗುವಿಗೂ ಅಷ್ಟೇ ಪರಿಚಿತವಾಗಿದ್ದರೆ ಮಾತ್ರ ಆ ಪರೀಕ್ಷೆಗೆ ಬೆಲೆ. ಹಳ್ಳಿ ಮೇಷ್ಟ್ರು ಹೇಳಿದ ಈ ಮಾತಿಗೆ ಬಾಹ್ಯ ಸಪ್ರಮಾಣತೆ ಅಂತ ಹೆಸರು ಸಿಕ್ಕಿದ್ದು ಬಹಳ ತಡವಾಗಿ, ಡೊನಾಲ್ಡ್ ಕ್ಯಾಂಪ್‌ಬೆಲ್ 1957ರಲ್ಲಿ ಬರೆದ ಲೇಖನದಲ್ಲಿ.

ಬ್ರಿಗಮ್ಮನ ವಿಷಯ ಮುಗಿಸಿಬಿಡೋಣ. 1930ರಲ್ಲಿ ಅವನು ತಪ್ಪೊಪ್ಪಿಕೊಂಡ. ಜನಾಂಗಗಳ ಮೇಲುಕೀಳಿನ ತನ್ನ ಕಟ್ಟಡ ಪೂರ್ತಿ ಕುಸಿದಿದೆ ಅಂತ ಅವನೇ ಬರೆದ. ಅಷ್ಟು ದೊಡ್ಡತನ ನಮ್ಮ ಕಡೆಯ ಪಂಡಿತರಲ್ಲಿ ಕಂಡಿಲ್ಲ, ಮೆಚ್ಚಬೇಕು. ಆದರೆ ಕಾಯಿದೆ ತಪ್ಪೊಪ್ಪಿಕೊಳ್ಳಲಿಲ್ಲ, 1965ರವರೆಗೆ ದೇಶವಾರು ಪಾಲಿನ ಪದ್ಧತಿ ಮುಂದುವರಿಯಿತು. 1935ರಲ್ಲಿ ಆಟೊ ಕ್ಲೈನ್‌ಬರ್ಗ್ ನ್ಯೂಯಾರ್ಕಿನ ಕಪ್ಪು ಮಕ್ಕಳನ್ನು ಪರೀಕ್ಷಿಸಿ, ದಕ್ಷಿಣದಿಂದ ಬಂದು ಹೆಚ್ಚು ವರ್ಷವಾದವರಿಗೆ ಹೆಚ್ಚು ಅಂಕ ಬರುವುದನ್ನು ತೋರಿಸಿದ. ಬ್ರಿಗಮ್ 'ತಳಿ' ಅಂದು ತಳ್ಳಿದ್ದ ಅದೇ ಏಣಿ.

ಮುಂದಿನ ಕಥೆ ಬೇಗ ಹೇಳಬಹುದು. ಯುದ್ಧವಿಲ್ಲದ ಕಾಲದಲ್ಲಿ ಪ್ರೊಫೆಸರುಗಳಿಗೆ ಸುಲಭವಾಗಿ ಸಿಗುವವರು ತಮ್ಮ ತರಗತಿಯ ಹುಡುಗರು. ಕೈಗೆ ಸಿಕ್ಕಿದವರನ್ನು ಹಿಡಿಯುವ ಇದಕ್ಕೆ ಅನುಕೂಲದ ಮಾದರಿ ಅಂತಾರೆ. ಅನುಕೂಲ ಯಾರಿಗೆ ಅಂತ ಬೇರೆ ಹೇಳಬೇಕಿಲ್ಲ. ಮನುಷ್ಯನ ನಡತೆಯ ವಿಜ್ಞಾನ ಅಂತ ನಾವು ಕರೆಯುವುದು ಬಹುಪಾಲು ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿಗಳ ನಡತೆಯ ವಿಜ್ಞಾನ ಅಂತ ಕ್ವಿನ್ ಮೆಕ್‌ನಿಮಾರ್ 1946ರಲ್ಲೇ ಚುಚ್ಚಿದ್ದ. ಕಪ್ಪು ಮನಶ್ಶಾಸ್ತ್ರಜ್ಞ ರಾಬರ್ಟ್ ಗಥ್ರಿ 1976ರಲ್ಲಿ ತನ್ನ ಪುಸ್ತಕಕ್ಕೆ ಪ್ರಯೋಗಶಾಲೆಯ ಇಲಿಯೂ ಬಿಳಿಯದೇ ಅನ್ನುವ ಅರ್ಥದ ಹೆಸರಿಟ್ಟ. 2008ರಲ್ಲಿ ಜೆಫ್ರಿ ಆರ್ನೆಟ್ ಆರು ದೊಡ್ಡ ಪತ್ರಿಕೆಗಳ 2003ರಿಂದ 2007ರವರೆಗಿನ ಲೇಖನಗಳನ್ನು ಎಣಿಸಿದ. ಅಧ್ಯಯನಕ್ಕೆ ಒಳಗಾದವರಲ್ಲಿ ನೂರಕ್ಕೆ 68 ಜನ ಅಮೆರಿಕಾದವರು. ಇತರ ಶ್ರೀಮಂತ ಪಾಶ್ಚಾತ್ಯ ದೇಶಗಳನ್ನು ಸೇರಿಸಿದರೆ 96. ಆ ದೇಶಗಳಲ್ಲಿ ಇರುವುದು ಲೋಕದ ಜನರಲ್ಲಿ ನೂರಕ್ಕೆ 12. ಮಾನವ ಸ್ವಭಾವ ಅಂತ ನಮ್ಮ ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ್ದು ಆ ಹನ್ನೆರಡರ ಸ್ವಭಾವ. 2010ರಲ್ಲಿ ಹೆನ್ರಿಕ್ ಮತ್ತು ಅವನ ಇಬ್ಬರು ಜೊತೆಗಾರರು, ಈ ಜನ ಮನುಷ್ಯಕುಲದ ಮಾದರಿಯಾಗುವುದಿರಲಿ, ಅನೇಕ ವಿಷಯಗಳಲ್ಲಿ ಉಳಿದವರಿಂದ ತೀರಾ ದೂರ ಬಿದ್ದವರು ಅಂತ ತೋರಿಸಿದರು.

ಕನ್ನಡಕ್ಕೂ ಈ ಕೋಲು ಬಂದಿದೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಸ್ಟ್ಯಾನ್‌ಫರ್ಡ್-ಬಿನೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಅವರ ಇಂಗ್ಲಿಷ್ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಅಂತ ಅದು ನಮ್ಮ ನಾಡಿನ ಆಸ್ಪತ್ರೆ, ಶಾಲೆಗಳಲ್ಲಿ ದಶಕಗಳ ಕಾಲ ನಡೆಯಿತು. ಸೀದಾ ತರ್ಜುಮೆ ಮಾಡದೆ ಇಲ್ಲಿನ ಮಕ್ಕಳ ಮೇಲೆ ಮತ್ತೆ ಮಟ್ಟ ಗೊತ್ತುಮಾಡಿದ್ದು ಕಾಮತರ ದೊಡ್ಡ ಕೆಲಸ. ಆದರೆ 1930ರ ದಶಕದಲ್ಲಿ ಶಾಲೆಯ ಬೆಂಚಿನ ಮೇಲೆ ಕೂತಿದ್ದವರು ಯಾರು ಅನ್ನುವುದು ನಮ್ಮ ಅಜ್ಜಂದಿರನ್ನು ಕೇಳಿದರೆ ತಿಳಿಯುತ್ತದೆ. ಶಾಲೆಯಿಂದ ಆರಿಸಿದ ಮಾದರಿಯಲ್ಲಿ ಶಾಲೆಯ ಹೊರಗೆ ನಿಂತ ಮಗು ಇರುವುದಿಲ್ಲ.

ಈಗ ನಮಗೆ ಪ್ರಿಯವಾದ ಒಂದು ಅಧ್ಯಯನಕ್ಕೆ ಬರುತ್ತೇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರಪ್ರದೇಶದ ಹಳ್ಳಿಗಾಡಿನಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಚಿತ್ರಗಳನ್ನು ಬಿಡಿಸಲು ಕೊಟ್ಟರು. ಮೇಲುಜಾತಿಯವರು 321, ಚಮಾರ ಸಮುದಾಯದವರು 321. ಬಿಡಿಸಿದ ಚಿತ್ರಕ್ಕೆ ಇಷ್ಟು ಅಂತ ದುಡ್ಡು. ಜಾತಿಯ ಮಾತೆತ್ತದೆ ಕೂರಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೆಲವು ಗುಂಪುಗಳಲ್ಲಿ ಪರೀಕ್ಷೆಗೆ ಮುಂಚೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಗಟ್ಟಿಯಾಗಿ ಓದಿ ಹೇಳಿದರು. ದಲಿತ ಹುಡುಗರು ಬಿಡಿಸಿದ್ದು ಗಣನೀಯವಾಗಿ ಇಳಿದುಹೋಯಿತು. ಜಾತಿವಾರು ಬೇರೆ ಬೇರೆ ಕೂರಿಸಿದಾಗಲೂ ಇಳಿಯಿತು. 2006ರಲ್ಲಿ ಇದು ಅಚ್ಚಾಯಿತು.

ನಮ್ಮ ಸಭೆಗಳಲ್ಲಿ ಇದನ್ನು ಭಾಷಣಕಾರರು ಉರು ಹೊಡೆದು ಹೇಳ್ತಾರೆ, ನಾವೂ ಹೇಳಿದ್ದೇವೆ. ಹೇಳಲಿ. ಆದರೆ ಟರ್ಮನ್ನನ್ನು ಕೇಳಿದ ಪ್ರಶ್ನೆಯನ್ನು ಇದಕ್ಕೂ ಕೇಳದಿದ್ದರೆ ನಮ್ಮ ಸಿಟ್ಟಿಗೆ ಮಾನವಿಲ್ಲ. ಯಾರಿಗೆ ಜಾತಿ ಓದುವುದು, ಯಾರಿಗೆ ಓದದಿರುವುದು ಅನ್ನುವ ಹಂಚಿಕೆ ಪ್ರಯೋಗ ಮಾಡಿದವರ ಕೈಯಲ್ಲಿತ್ತು. ಆದ್ದರಿಂದ ಆ ಕೋಣೆಯೊಳಗೆ ಇಳಿತಕ್ಕೆ ಕಾರಣ ಜಾತಿ ಕೂಗಿದ್ದೇ ಅನ್ನಲು ಆಧಾರ ಗಟ್ಟಿ. ಇದು ಆಂತರಿಕ ಸಪ್ರಮಾಣತೆ. ಹೊರಗಿನದು ಬೇರೆ ಲೆಕ್ಕ. ಹುಡುಗರು ತಾವಾಗಿ ಬಂದವರು, ಚೀಟಿ ಎತ್ತಿ ದೇಶದಿಂದ ಆರಿಸಿದವರಲ್ಲ. ಒಂದೇ ಸೀಮೆಯವರು. ಬಿಡಿಸಿದ್ದು ಚಿತ್ರ, ಎಸ್ಸೆಸ್ಸೆಲ್ಸಿ ಗಣಿತವಲ್ಲ. ಹುಡುಗಿಯರು ಒಬ್ಬರೂ ಇಲ್ಲ. ನಮ್ಮ ಅಕ್ಕತಂಗಿಯರ ಬಗ್ಗೆ ಆ ಕೋಣೆ ಒಂದಕ್ಷರ ಹೇಳುವುದಿಲ್ಲ. ಮೂರು ಪೀಳಿಗೆ ಚಳವಳಿ ಕಂಡ ಕೋಲಾರದ, ಮಂಡ್ಯದ ಕೇರಿಗಳಲ್ಲಿ ಜಾತಿ ಹೆಸರು ಕೂಗಿದರೆ ಹುಡುಗ ಕುಗ್ಗುತ್ತಾನೋ, ತಲೆಯೆತ್ತಿ ಕೂರುತ್ತಾನೋ? ಇಲ್ಲಿ ಮಾಡಿ ನೋಡಿದರೇ ತಿಳಿಯುವುದು. ಮಾಡಿ ನೋಡಲು ವಿಶ್ವವಿದ್ಯಾನಿಲಯ ಬೇಕಿಲ್ಲ, ಆದರೆ ಮಕ್ಕಳ ಜಾತಿಯನ್ನು ಬೇಕಂತಲೇ ಕೂಗಿ ನೋಡಿ ಅಂತ ನಾವು ಯಾವ ಮೇಷ್ಟ್ರಿಗೂ ಹೇಳಲಾರೆವು. ಕೂಗುವುದನ್ನು ನಿಲ್ಲಿಸಿ ನೋಡಬಹುದು. ಒಂದು ವರ್ಷ ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಕರೆದು ತುಂಬಿಸಿ, ಹಿಂದಿನ ವರ್ಷದ ಅಂಕಗಳ ಪಕ್ಕದಲ್ಲಿ ಈ ವರ್ಷದ ಅಂಕ ಬರೆದಿಡಿ. ಅದೂ ಪೂರ್ತಿ ಪ್ರಯೋಗವಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಬದಲಾಗುವುದು ಬೇಕಾದಷ್ಟಿರುತ್ತದೆ. ಆದರೂ ಹತ್ತು ಊರಿನ ಹತ್ತು ಶಾಲೆಯವರು ಬರೆದಿಟ್ಟು ಈ ಪತ್ರಿಕೆಗೆ ಕಳಿಸಿದರೆ ಕೂತು ನೋಡೋಣ.

ನಮ್ಮ ಶಾಲೆಯಲ್ಲಿ ಆ ಪಟ್ಟಿಯನ್ನು ತರಗತಿಯಲ್ಲೇ ಓದುತ್ತಿದ್ದರು. "ಎಸ್ಸಿ ಹುಡುಗ್ರು ಎದ್ದು ನಿಲ್ರಿ" ಅನ್ನುವುದು, ನಾವು ಏಳು ಜನ ಎದ್ದು ನಿಲ್ಲುವುದು, ಅಪ್ಪನ ಹೆಸರು ಹೇಳುವುದು, ಸಹಿ ಹಾಕುವುದು. ಅದಾದ ಮೇಲಿನ ಪೀರಿಯಡ್ಡು ಗಣಿತ. ಏಳರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಇಬ್ಬರು, ಇಬ್ಬರಿಗೂ ಗಣಿತದಲ್ಲಿ ಮೂವತ್ತೈದು.